ವಿಮಾನಯಾತ್ರಿಕರ ಕರವೂ ರಾಜ್ಯಾದಾಯವೂ

ದಾರಿಹೋಕನಿಂದ ಪ್ರಭುತ್ವವು ಹಣ ಪಡೆಯುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಸಂಸ್ಕೃತದ ‘ಶುಲ್ಕ’ವು ಕನ್ನಡದಲ್ಲಿ ‘ಸುಂಕ’ವಾಗಿ, ಹೆಜ್ಜುಂಕ, ವಡ್ಡರಾವುಳ ಮೊದಲಾದ ಹೆಸರುಗಳೊಡನೆ ಶಾಸನಗಳಲ್ಲಿ ಬಂದಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಶಾಸನೋಕ್ತವಾದ ಸುಂಕಗಳು ಬಹುಮಟ್ಟಿಗೆ ಸರಕಿನ ಮೇಲಿನವು. ಪ್ರಯಾಣಿಕನ ಮೇಲೆಯೇ ಬೀಳುವ ಕರಕ್ಕೆ ಹತ್ತಿರವಾದ ಮಾದರಿಯೆಂದರೆ ತರಪಣ್ಯ, ಅಂದರೆ ಹೊಳೆ ದಾಟುವವನು ತೆರಬೇಕಾದ ದೋಣಿಯ ಶುಲ್ಕ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಈ ಶುಲ್ಕಕ್ಕೆ ಮೂರು ಮಾನಗಳು ವಿಧಿಸಲ್ಪಟ್ಟಿವೆ. ಮೊದಲನೆಯದು ಎಣಿಕೆ: ಬರಿದಾದ ಬಂಡಿಗೆ ಒಂದು ಪಣ, ಹೊರೆಯಿಲ್ಲದ ಪುರುಷನಿಗೆ ಪಣದ ಎಂಟನೆಯ ಒಂದು ಪಾಲು. ಎರಡನೆಯದು ಬೆಲೆ: ತುಂಬಿದ ಬಂಡಿಯು ಸರಕಿನ ಸಾರಕ್ಕೆ ತಕ್ಕಂತೆ ತೆರತಕ್ಕದ್ದು. ಮೂರನೆಯದು ದೂರ: ದೀರ್ಘವಾದ ಜಲಮಾರ್ಗದಲ್ಲಿ ದೇಶಕಾಲಗಳನ್ನು ನೋಡಿ ಶುಲ್ಕವನ್ನು ಗೊತ್ತುಮಾಡಬೇಕು. ಗರ್ಭಿಣಿ, ಸಂನ್ಯಾಸಿ ಮೊದಲಾದವರಿಗೆ ವಿನಾಯಿತಿಯೂ ಉಂಟು. ಭಾರತ ಸರ್ಕಾರವು ವಿಮಾನಯಾತ್ರಿಕರಿಂದ ಪಡೆದಿರುವ ಕರದ ಚರಿತ್ರೆಯನ್ನು ಪರಿಶೀಲಿಸಿದರೆ, ಅದು ಈ ಮಾನಗಳ ನಡುವಣ ತೂಗಾಟವೇ ಎಂದು ಕಂಡುಬರುತ್ತದೆ.

೧೯೭೯ರ ಹಣಕಾಸು ಕಾಯಿದೆಯಿಂದ ವಿದೇಶ ಪ್ರಯಾಣ ತೆರಿಗೆಯು ಜಾರಿಗೆ ಬಂದಿತು. ಇದು ತಲೆಗೆ ಇಷ್ಟೆಂದು ನಿಶ್ಚಿತವಾದುದು. ಕಾಲಕ್ರಮದಲ್ಲಿ ಏರಿ ಅದು ೫೦೦ ರೂಪಾಯಿಗಳಾಯಿತು. ನೆರೆಯ ದೇಶಗಳಿಗೆ ಹೋಗುವವರಿಗೆ ೧೫೦ ಮಾತ್ರ ಇದ್ದುದರಿಂದ ದೂರದ ಮಾನವೂ ಅದರಲ್ಲಿ ಅಡಗಿತ್ತೆನ್ನಬಹುದು. ೧೯೮೯ರ ಕಾಯಿದೆಯು ದೇಶದೊಳಗಿನ ವಿಮಾನಯಾನದ ಮೇಲೆ ಪ್ರತ್ಯೇಕವಾದ ತೆರಿಗೆಯೊಂದನ್ನು ಹಾಕಿತು. ಇದು ಟಿಕೆಟ್ಟಿನ ಬೆಲೆಯಲ್ಲಿ ನೂರಕ್ಕೆ ಹತ್ತು. ಕೊನೆಯ ವೇಳೆಗೆ ನೂರಕ್ಕೆ ಹದಿನೈದು. ಈ ಎರಡು ಬಗೆಗಳ ಫಲವು ಒಂದೇ ಅಲ್ಲ. ೫೦೦ ರೂಪಾಯಿಗಳ ತಲೆಗರವು ೫,೦೦೦ದ ಟಿಕೆಟ್ಟಿಗೆ ಹತ್ತನೆಯ ಒಂದು ಪಾಲು, ೫೦,೦೦೦ದ ಟಿಕೆಟ್ಟಿಗೆ ನೂರನೆಯ ಒಂದು ಪಾಲು. ಅಲ್ಪಧನನಿಗೆ ಅದು ಭಾರ, ಧನಿಕನಿಗೆ ಹಗುರ. ಬೊಕ್ಕಸದ ದೃಷ್ಟಿಯಿಂದ ನೋಡಿದರೆ, ತಲೆಗರದ ಆದಾಯವು ಯಾತ್ರಿಕರ ಸಂಖ್ಯೆಯೊಡನೆ ಮಾತ್ರ ಬೆಳೆಯುತ್ತದೆ. ಬೆಲೆಗರದ ಆದಾಯವು ಸಂಖ್ಯೆ, ಬೆಲೆ ಎರಡರೊಡನೆಯೂ ಏರಿಳಿಯುತ್ತದೆ.

೨೦೦೪ರ ಜನವರಿ ೯ರಿಂದ ಈ ಎರಡು ತೆರಿಗೆಗಳೂ ರದ್ದಾದವು. ಆದರೆ ಬಿಡುವು ಶಾಶ್ವತವಾಗಲಿಲ್ಲ. ೨೦೦೬ರ ಮೇ ತಿಂಗಳಲ್ಲಿ ವಿದೇಶಕ್ಕೆ ಮೇಲು ದರ್ಜೆಯಲ್ಲಿ ಹೋಗುವವರ ಮೇಲೆ ಸೇವಾ ತೆರಿಗೆಯು ಬಿದ್ದಿತು. ೨೦೧೦ರ ಜುಲೈಯಲ್ಲಿ ಅದು ಎಲ್ಲ ಯಾತ್ರಿಕರಿಗೂ ವ್ಯಾಪಿಸಿತು. ಆಗಿನ ವಿಧಿಯು ಗಮನಾರ್ಹವಾದುದು. ದೇಶದೊಳಗಿನ ಯಾನಕ್ಕೆ ಬೆಲೆಯ ನೂರಕ್ಕೆ ಹತ್ತು ಅಥವಾ ೧೦೦ ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದು ಸಲ್ಲಬೇಕಾಗಿತ್ತು. ಸಾವಿರ ರೂಪಾಯಿಗೆ ಮೀರಿದ ಟಿಕೆಟ್ಟುಗಳೆಲ್ಲವೂ ಒಂದೇ ಮೊತ್ತವನ್ನು ತೆರುತ್ತಿದ್ದುದರಿಂದ, ಹೆಸರಿನಲ್ಲಿ ಬೆಲೆಗರವಾದರೂ ಇದು ಸ್ವರೂಪದಲ್ಲಿ ತಲೆಗರವೇ ಆಗಿತ್ತು. ೨೦೧೨ರ ಜುಲೈಯಿಂದ ಟಿಕೆಟ್ಟಿನ ಬೆಲೆಯಲ್ಲಿ ನೂರಕ್ಕೆ ನಲವತ್ತು ಭಾಗವನ್ನು ಗಣನೆಗೆ ತೆಗೆದುಕೊಂಡು ತೆರಿಗೆ ಹಾಕುವ ಕ್ರಮವು ಬಂದ ಮೇಲೆ, ಬೆಲೆಯ ಮಾನವು ನಿಜವಾಗಿ ನೆಲೆಗೊಂಡಿತು.

೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಸಾಮಾನ್ಯ ದರ್ಜೆಗೆ ನೂರಕ್ಕೆ ಐದು, ಮೇಲು ದರ್ಜೆಗಳಿಗೆ ನೂರಕ್ಕೆ ಹನ್ನೆರಡು ಎಂದು ದರವು ನಿಗದಿಯಾಯಿತು. ಮೇಲು ದರ್ಜೆಯ ದರವು ೨೦೨೫ರ ಸೆಪ್ಟೆಂಬರ್ ೨೨ರಿಂದ ಹದಿನೆಂಟಕ್ಕೆ ಏರಿತು. ಈಶಾನ್ಯದ ಎಂಟು ರಾಜ್ಯಗಳಲ್ಲಿಯೂ ಪಶ್ಚಿಮ ಬಂಗಾಳದ ಬಾಗ್‌ಡೋಗ್ರಾದಲ್ಲಿಯೂ ಏರುವ ಅಥವಾ ಇಳಿಯುವ ಸಾಮಾನ್ಯ ದರ್ಜೆಯ ಯಾತ್ರಿಕರಿಗೆ ವಿನಾಯಿತಿಯುಂಟು. ಸ್ಮೃತಿಯು ವ್ಯಕ್ತಿಯ ಅವಸ್ಥೆಯನ್ನು ನೋಡಿತು. ಈ ವಿಧಿಯು ಪ್ರದೇಶದ ಅವಸ್ಥೆಯನ್ನು ನೋಡುತ್ತದೆ. ಮತ್ತೊಂದು ವಿಶೇಷವೆಂದರೆ, ತೆರಿಗೆಯ ನೋಂದಣಿಯಿಲ್ಲದ ಯಾತ್ರಿಕನು ಎಲ್ಲಿ ವಿಮಾನವೇರುವನೋ ಆ ರಾಜ್ಯಕ್ಕೆ ಕರದ ಪಾಲು ಸಲ್ಲುತ್ತದೆ. ಆದುದರಿಂದ ದೇವನಹಳ್ಳಿಯಲ್ಲಿ ಏರುವವನು ತೆರುವ ಹಣದಲ್ಲಿ ಕರ್ನಾಟಕಕ್ಕೂ ಭಾಗವಿದೆ.

ಇಂತಹ ಆದಾಯವು ಎಷ್ಟು ಚಂಚಲವೆಂಬುದನ್ನು ೨೦೨೦ರ ಮಹಾಮಾರಿಯು ತೋರಿಸಿತು. ದೇಶದೊಳಗಿನ ವಿಮಾನಗಳು ಮಾರ್ಚ್ ೨೫ರಿಂದ ಎರಡು ತಿಂಗಳು ನಿಂತುವು. ೨೦೧೯ರಲ್ಲಿ ಸುಮಾರು ೧೪.೪ ಕೋಟಿಯಿದ್ದ ಆಂತರಿಕ ಯಾತ್ರಿಕರ ಸಂಖ್ಯೆಯು ೨೦೨೦ರಲ್ಲಿ ಸುಮಾರು ೬.೩ ಕೋಟಿಗೆ ಇಳಿದು, ೨೦೨೪ರಲ್ಲಿ ಸುಮಾರು ೧೬.೧ ಕೋಟಿಗೆ ಏರಿತು. ಯಾತ್ರಿಕರಿಲ್ಲದೆಡೆ ತಲೆಗರವೂ ಇಲ್ಲ, ಬೆಲೆಗರವೂ ಇಲ್ಲ. ಸಾಲದುದಕ್ಕೆ, ೨೦೨೦ರ ಮೇ ತಿಂಗಳಿಂದ ೨೦೨೨ರ ಆಗಸ್ಟ್ ಕೊನೆಯವರೆಗೆ ಸರ್ಕಾರವೇ ಟಿಕೆಟ್ಟಿನ ಬೆಲೆಗೆ ಮೇಲಿನ, ಕೆಳಗಿನ ಮಿತಿಗಳನ್ನು ಹಾಕಿದ್ದುದರಿಂದ, ಬೆಲೆಯನ್ನು ಹಿಡಿದು ನಡೆಯುವ ಕರಕ್ಕೂ ಅದೇ ಮಿತಿಯುಂಟಾಯಿತು.

ಇಲ್ಲಿ ವಿಚಾರಾರ್ಹವಾದ ಅಂಶವೊಂದುಂಟು. ೨೦೦೪ರವರೆಗೆ ಯಾತ್ರಿಕನ ಕರಕ್ಕೆ ತನ್ನದೇ ಆದ ಹೆಸರಿತ್ತು. ಅದು ಎಷ್ಟು ಬಂದಿತು, ಏರಿತೋ ಇಳಿಯಿತೋ ಎಂಬುದನ್ನು ಆ ಹೆಸರಿನಿಂದಲೇ ಕೇಳಬಹುದಾಗಿತ್ತು. ಇಂದು ಆ ಹಣವು ನೂರಾರು ವಸ್ತುಗಳ ತೆರಿಗೆಯೊಡನೆ, ನದಿಯು ಕಡಲನ್ನು ಸೇರಿದಂತೆ, ಸೇರಿಹೋಗುತ್ತದೆ. ಅದೇ ಟಿಕೆಟ್ಟಿನಲ್ಲಿ ಕಾಣುವ ಬಳಕೆದಾರರ ಅಭಿವೃದ್ಧಿ ಶುಲ್ಕವಾದರೋ ತೆರಿಗೆಯಲ್ಲ. ಅದು ವಿಮಾನನಿಲ್ದಾಣವನ್ನು ನಡೆಸುವವರಿಗೆ ಸಲ್ಲುವುದು, ಅದರ ಪ್ರಯೋಜನವು ಹೆಸರಿನಲ್ಲಿಯೇ ಸ್ಪಷ್ಟವಾಗಿರುವುದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಡಿಯನ್ನು ಕಾಯುವ ಅಂತಪಾಲನು ಸರಕಿನ ಬಂಡಿಯೊಂದಕ್ಕೆ ಒಂದೂಕಾಲು ಪಣದಂತೆ ‘ವರ್ತನೀ’ ಎಂಬ ದಾರಿಯ ಸುಂಕವನ್ನು ಪಡೆಯಬೇಕೆಂದು ಹೇಳಿದೆ. ಅಷ್ಟಕ್ಕೇ ನಿಲ್ಲದೆ, ದಾರಿಯಲ್ಲಿ ಕಳೆದುದನ್ನೂ ಕಳವಾದುದನ್ನೂ ಅವನೇ ತುಂಬಿಕೊಡಬೇಕೆಂದೂ ವಿಧಿಸಿದೆ. ತೆಗೆದುಕೊಳ್ಳುವ ಕೈಗೂ ಕಾಯುವ ಕೈಗೂ ಅಲ್ಲಿ ಭೇದವಿಲ್ಲ. ಕರದ ಮಾನವು ತಲೆಯಾಗಲಿ, ಬೆಲೆಯಾಗಲಿ, ದೂರವಾಗಲಿ, ಅದು ಕಾಲಕ್ಕೆ ತಕ್ಕಂತೆ ಬದಲಾಗುವುದು ಸಹಜ. ಆದರೆ ತೆತ್ತವನಿಗೆ ಅದರ ಲೆಕ್ಕವೂ ಅದರಿಂದಾಗುವ ರಕ್ಷಣೆಯೂ ಕಾಣುವಂತಿದ್ದರೆ ಮಾತ್ರವೇ ಅದು ಪ್ರಾಚೀನರು ಒಪ್ಪಿದ ಅರ್ಥದಲ್ಲಿ ಧರ್ಮ್ಯವಾದ ಶುಲ್ಕವೆನಿಸುವುದು.