ಶ್ಲೈಷ್ಮಿಕೀ ವ್ಯಾಪತ್ತೂ ಶಿಲೀಂಧ್ರರೋಗವೂ

ಪ್ರಾಚೀನ ವೈದ್ಯಗ್ರಂಥಗಳ ರೋಗನಾಮಗಳಿಗೆ ನವೀನ ವೈದ್ಯಶಾಸ್ತ್ರದ ಹೆಸರುಗಳನ್ನು ಸರಿಹೊಂದಿಸಿ ಅರ್ಥ ಹೇಳುವ ಪದ್ಧತಿಯು ಈಚೆಗೆ ಬಹಳವಾಗಿ ಹಬ್ಬಿರುತ್ತದೆ. ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರದ ದೆಸೆಯಿಂದ ಸ್ತ್ರೀಯರಿಗುಂಟಾಗುವ ನವೆ, ಉರಿ, ಬಿಳಿಯ ಸ್ರಾವಗಳಿಗೆ ಮನೆಮದ್ದನ್ನು ಹೇಳುವವರು ಚರಕಸಂಹಿತೆಯ ಶ್ಲೈಷ್ಮಿಕೀ ಅಥವಾ ಅಚರಣಾ ಎಂಬ ವ್ಯಾಪತ್ತನ್ನು ಪ್ರಮಾಣವಾಗಿ ತೋರಿಸುವುದುಂಟು. ಈ ಸಮೀಕರಣವು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ೩೦ನೆಯ ಅಧ್ಯಾಯದಲ್ಲಿ ೨೦ ಯೋನಿವ್ಯಾಪತ್ತುಗಳು ನಿರೂಪಿತವಾಗಿವೆ. ಈ ಅಧ್ಯಾಯವು ದೃಢಬಲನು ಪೂರಣಮಾಡಿದ ಭಾಗಕ್ಕೆ ಸೇರಿದುದು. ಅಭಿಷ್ಯಂದಿಯಾದ ಆಹಾರದಿಂದ ಕಫವು ಕೆರಳಿದಾಗ ಶ್ಲೈಷ್ಮಿಕಿಯು ಹುಟ್ಟುವುದೆಂದೂ, ಲೋಳೆ, ತಂಪು, ನವೆ, ಅಲ್ಪವೇದನೆ, ಪಾಂಡುವರ್ಣ ಇವು ಅದರ ಲಕ್ಷಣಗಳೆಂದೂ ಅಲ್ಲಿ ಹೇಳಿದೆ. ಅಚರಣೆಗಾದರೋ ತೊಳೆಯದಿರುವುದರಿಂದ ಹುಟ್ಟಿದ ಜಂತುಗಳು ಕಾರಣವೆಂದಿದೆ. ಸುಶ್ರುತಸಂಹಿತೆಯ ಉತ್ತರತಂತ್ರದ ೩೮ನೆಯ ಅಧ್ಯಾಯದಲ್ಲಿಯೂ ಅಚರಣಾ ಎಂಬ ಹೆಸರು ಬಂದಿದೆ. ಆದರೆ ಅಲ್ಲಿ ಜಂತುಗಳ ಪ್ರಸ್ತಾಪವಿಲ್ಲ, ಲಕ್ಷಣವೇ ಬೇರೆ. ಎರಡು ಸಂಹಿತೆಗಳಲ್ಲಿಯೇ ಒಂದು ಹೆಸರಿಗೆ ಎರಡರ್ಥವಿರುವಾಗ, ಅದಕ್ಕೆ ಮೂರನೆಯ ಅರ್ಥವೊಂದನ್ನು ನಿಶ್ಚಯವಾಗಿ ಅಂಟಿಸುವುದು ಸಾಹಸವೇ ಸರಿ.

ಜಂತುಶಬ್ದವನ್ನು ಕಂಡೊಡನೆ ಸೂಕ್ಷ್ಮಾಣುವೆನ್ನುವುದೂ ಸಲ್ಲದು. ಲಾಂಗೆನ್‌ಬೆಕ್ ಎಂಬ ಜರ್ಮನ್ ವೈದ್ಯನು ರೋಗಿಯ ದೇಹದಲ್ಲಿ ಈ ಶಿಲೀಂಧ್ರವನ್ನು ಕಂಡು ವರ್ಣಿಸಿದುದು ೧೮೩೯ರಲ್ಲಿ. ಅವನೂ ಅದನ್ನು ಆ ರೋಗಿಯ ವಿಷಮಜ್ವರಕ್ಕೆ ಕಾರಣವೆಂದು ಭ್ರಮಿಸಿದನು. ೧೮೪೯ರಲ್ಲಿ ವಿಲ್ಕಿನ್ಸನ್ ಎಂಬವನು ಯೋನಿರೋಗದೊಡನೆ ಇದರ ಸಂಬಂಧವನ್ನು ತೋರಿಸಿದನು. ಕ್ಯಾಂಡಿಡಾ ಎಂಬ ಕುಲನಾಮವು ೧೯೨೩ರಲ್ಲಿ ಬಂದಿತು. ಬೆಳ್ಳಗೆ ಹೊಳೆಯುವುದೆಂಬರ್ಥದ ಈ ಲ್ಯಾಟಿನ್ ಶಬ್ದವು ಸಂಸ್ಕೃತದ ಚಂದ್ರಶಬ್ದಕ್ಕೆ ಜ್ಞಾತಿ. ಶಬ್ದಗಳು ಜ್ಞಾತಿಗಳಾದ ಮಾತ್ರಕ್ಕೆ ರೋಗಗಳು ಒಂದಾಗುವುದಿಲ್ಲ.

ನವೆ ಮತ್ತು ಬಿಳುಪು ಎರಡಕ್ಕೂ ಸಮಾನ. ಆದರೆ ಶಿಲೀಂಧ್ರರೋಗದಲ್ಲಿ ಸ್ರಾವವು ಅನೇಕವೇಳೆ ಒಡೆದ ಹಾಲಿನ ಗಡ್ಡೆಯಂತಿದ್ದು ಉರಿಯು ಪ್ರಬಲವಾಗಿರುವುದು. ತಂಪು, ಅಲ್ಪವೇದನೆಗಳು ಇದಕ್ಕೆ ಹೊಂದಲಾರವು. ಈ ಶಿಲೀಂಧ್ರವು ಆರೋಗ್ಯವಂತರ ದೇಹದಲ್ಲಿಯೂ ಇರುವುದು. ಗರ್ಭಧಾರಣೆ, ಮಧುಮೇಹ, ಪ್ರತಿಜೈವಿಕ ಔಷಧಗಳ ಸೇವನೆ ಇವುಗಳಿಂದ ಹೆಚ್ಚುವುದು. ಆದಕಾರಣ ತೊಳೆಯದಿರುವುದೇ ಹೇತುವೆಂಬ ಅಚರಣೆಯೂ ಇದಲ್ಲ.

ಮನೆಮದ್ದಿನ ವಿಷಯದಲ್ಲಿ ಈ ತೊಡಕು ಇನ್ನೂ ಸ್ಫುಟವಾಗುವುದು. ಇಂದು ಮೊಸರನ್ನು ಹಚ್ಚಲು ಹೇಳುವವರು ಚರಕನನ್ನು ಸಾಕ್ಷಿಗೆ ಕರೆಯುತ್ತಾರೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಅಭಿಷ್ಯಂದವನ್ನುಂಟುಮಾಡುವ ವಸ್ತುಗಳೊಳಗೆ ಸರಿಯಾಗಿ ಹೆಪ್ಪಾಗದ ಮೊಸರಿಗೆ ಅಗ್ರಸ್ಥಾನ ದೊರೆತಿದೆ. ಶ್ಲೈಷ್ಮಿಕಿಗೆ ವಿಹಿತವಾದುದು ರೂಕ್ಷೋಷ್ಣವಾದ ಕ್ರಮ. ಬೆಳ್ಳುಳ್ಳಿಯ ರಸವು ಪ್ರಯೋಗಶಾಲೆಯಲ್ಲಿ ಶಿಲೀಂಧ್ರವನ್ನು ತಡೆಯುವುದು ನಿಜವಾದರೂ, ಮೃದುವಾದ ಅಂಗವನ್ನು ಅದು ಸುಡಬಲ್ಲದು. ಕಷಾಯಗಳಿಂದ ಒಳಗೆ ತೊಳೆಯುವುದನ್ನೂ ಇಂದಿನ ವೈದ್ಯರು ಒಪ್ಪುವುದಿಲ್ಲ. ಅದು ದೇಹದ ರಕ್ಷಕಾಣುಗಳನ್ನು ಕೆಡಿಸುವುದು. ಹೇಜನ್ ಮತ್ತು ಬ್ರೌನ್ ಎಂಬ ವಿದುಷಿಯರು ೧೯೫೦ರಲ್ಲಿ ನಿಸ್ಟಾಟಿನ್ ಔಷಧವನ್ನು ಪ್ರಕಟಿಸಿದ ಬಳಿಕ ಈ ರೋಗಕ್ಕೆ ನಿಯತವಾದ ಚಿಕಿತ್ಸೆಯುಂಟು.

ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೇ ಮೊದಲಾದ ಕನ್ನಡ ವೈದ್ಯಗ್ರಂಥಗಳಿಗೆ ಟಿಪ್ಪಣಿ ಬರೆಯುವವರು ಲಕ್ಷಣಗಳನ್ನು ಮೂಲದಲ್ಲಿರುವಂತೆ ತಿಳಿಸಿ, ಹೊಸ ಹೆಸರನ್ನು ಊಹೆಯೆಂದೇ ಸೂಚಿಸುವುದು ಯುಕ್ತ. ಕೋಶದಲ್ಲಿ ತಪ್ಪಿದ ಅರ್ಥವನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು; ಅದನ್ನು ನಂಬಿ ಮದ್ದು ಮಾಡಿಕೊಂಡವಳ ನೋವನ್ನು ಹಾಗೆ ತಿದ್ದಲಾಗದು.