ಗಿರಣಿಯ ಎಳೆ, ಹೊಲದ ಮುಯ್ಯಿ

ಮುಂಬಯಿಯಿಂದ ಹೊರಟ ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಮಾರ್ಗದೊಡನೆ ಕೂಡಿಕೊಂಡ ತರುವಾಯ, ನಿಜಾಮ ಸಂಸ್ಥಾನದ ಕಲಬುರಗಿಯಲ್ಲಿ 1880ರ ದಶಕದಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಎಂ.ಎಸ್.ಕೆ. ಮಿಲ್ ಎನಿಸಿಕೊಂಡ ಮಹಬೂಬ್ ಶಾಹಿ ಗಿರಣಿಯು, ನೂರಾರು ಕೈಗಳನ್ನು ಒಂದೇ ಭೋಂಗಾದ ಕೂಗಿಗೆ ಅಧೀನಗೊಳಿಸಿತು. ಹಿಂಜಿದ ಅರಳೆ ಹದಗೆಟ್ಟರೆ ನೂಲುವವನ ಎಳೆ ಹರಿಯುವುದು, ಎಳೆ ಹರಿದರೆ ನೇಯುವವನ ಮಗ್ಗ ನಿಲ್ಲುವುದು. ಏಕವ್ಯಕ್ತಿಯ ಚಾತುರ್ಯಕ್ಕಿಂತ ಸರ್ವರ ಸಾಮರಸ್ಯವೇ ಉತ್ಪಾದನೆಗೆ ಮೂಲವೆಂಬುದು ಅಲ್ಲಿ ನಿತ್ಯಾನುಭವವಾಗಿದ್ದಿತು.

ಯಾವ ಕೆಲಸ ಯಾವ ಹಂತದಲ್ಲಿದೆಯೆಂದು ತೋರಿಸಲು ಇಂದಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಬಳಸುವ ಕಾನ್‌ಬಾನ್ ಫಲಕಕ್ಕೂ ಮಗ್ಗಕ್ಕೂ ನಂಟುಂಟೆಂದರೆ ಅನೇಕರಿಗೆ ಸೋಜಿಗವಾದೀತು. ಎಳೆ ಹರಿದೊಡನೆ ತಾನಾಗಿ ನಿಲ್ಲುವ ಮಗ್ಗವನ್ನು ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದನು. ಆ ಮನೆತನದ ನೂಲಿನ ಗಿರಣಿಯಲ್ಲಿ ಕೆಲಸ ಕಲಿತ ತೈಚಿ ಓನೋ, ಮುಂದೆ ಟೊಯೋಟಾ ಮೋಟಾರು ಕಾರ್ಖಾನೆಯಲ್ಲಿ ಕಾನ್‌ಬಾನ್ ಪದ್ಧತಿಯನ್ನು ರೂಪಿಸಿದನು.

ಕಲಬುರಗಿ ಸೀಮೆಯದೇ ಆದ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಂಥ ಒಕ್ಕಲುತನದ ಊರುಗಳ ರೀತಿ ಬೇರೆ. ಇಂದು ನನ್ನ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾನು ಎಂಬ ನಾಡಿನ ಹಳೆಯ ಮುಯ್ಯಿ ಪದ್ಧತಿಯಲ್ಲಿ ಮುಕಾದಮನಿರಲಿಲ್ಲ. ಕೂಡಿ ದುಡಿಯುವ ವಿದ್ಯೆಯಲ್ಲಿ ಗಿರಣಿಗಿಂತ ಹೊಲವೇ ಹಿರಿಯದೆಂಬುದು ನನ್ನ ಮತ. ಗಿರಣಿ ಕಳೆದ ಶತಮಾನ ಮುಗಿಯುವ ಮೊದಲೇ ಮುಚ್ಚಿತು. ಆದರೆ ಹೊಲದಲ್ಲಿ ಬೆಳೆದ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ.