ಹೊಸ ಶ್ರೋತೃವಿಗೆ ಯಾವ ತಟ್ಟೆ?

ಶಾಸ್ತ್ರೀಯ ಸಂಗೀತದಲ್ಲಿ ಹೊಸದಾಗಿ ಅಭಿರುಚಿ ಹುಟ್ಟಿದವರು ಮೊದಲು ಕೇಳುವ ಪ್ರಶ್ನೆ, ಯಾವ ಧ್ವನಿಮುದ್ರಿಕೆಯಿಂದ ಆರಂಭಿಸಬೇಕು ಎಂಬುದು. ರಸಿಕರು ಸಾಮಾನ್ಯವಾಗಿ ತಮಗೆ ಪ್ರಿಯರಾದ ವಿದ್ವಾಂಸರ ಹೆಸರನ್ನು ಹೇಳಿ ಸುಮ್ಮನಾಗುತ್ತಾರೆ. ಆದರೆ ತಟ್ಟೆಯ ಚರಿತ್ರೆಯನ್ನು ಅರಿಯದೆ ಆಯ್ದರೆ, ಯಂತ್ರದ ದೋಷವನ್ನು ಗಾಯಕರ ದೋಷವೆಂದೂ ಯಂತ್ರದ ಅವಸರವನ್ನು ಸಂಗೀತದ ಸ್ವಭಾವವೆಂದೂ ಭಾವಿಸುವ ಅಪಾಯವುಂಟು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನರ ಗಾನವನ್ನು ಮುದ್ರಿಸಿಕೊಂಡನು. ಕಹಳೆಯಂತಹ ದೊಡ್ಡ ಕೊಳವೆಗೆ ಮುಖವೊಡ್ಡಿ, ಸ್ವರವನ್ನೇರಿಸಿ ಹಾಡಬೇಕಾಗಿದ್ದಿತು. ಅಚ್ಚುಗಳು ಜರ್ಮನಿಯ ಹಾನೋವರಿಗೆ ಹೋಗಿ ತಟ್ಟೆಗಳಾಗಿ ಮರಳುತ್ತಿದ್ದುವು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುವುದನ್ನು ಕೇಳಿ ಇಂದಿನವರು ನಗುವರು. ಅದು ನಮ್ಮ ಭಾಷೆಯರಿಯದ ಆ ಕಾರ್ಖಾನೆಯವರಿಗೆ ಗುರುತಾಗಲೆಂದು. ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಗಾನ ಮಾತ್ರ. ಅಷ್ಟರೊಳಗೆ ರಾಗದ ರೂಪವನ್ನು ನಿಲ್ಲಿಸಿ, ತಾನಗಳನ್ನೂ ಹಾರಿಸಿ ಮುಗಿಸುವ ಜಾಣ್ಮೆ ಆಕೆಯದು. 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಇಲ್ಲಿಯೇ ಕಣ್ಮುಚ್ಚಿದ ಆ ಮಹಾಗಾಯಕಿಯ ಮೇಲೆ ನಮಗೆ ಅಭಿಮಾನವಿರುವುದು ಸಹಜವೇ. ಆದರೂ ಆ ತಟ್ಟೆಗಳನ್ನು ಹೊಸಬರ ಕೈಗೆ ಮೊದಲು ಕೊಡಲು ನಾನು ಒಪ್ಪೆನು. ಅವುಗಳಲ್ಲಿ ತಂಬೂರಿಯ ನಾದವೇ ಕೇಳಿಸದು. ಶ್ರುತಿಯಿಲ್ಲದ ರಾಗ ನೆಲವಿಲ್ಲದ ಮನೆಯಂತೆ.

ಪಶ್ಚಿಮದಲ್ಲಿ 1925ರಿಂದ ವಿದ್ಯುತ್ತಿನ ಮೈಕ್ರೊಫೋನಿನಿಂದ ಮುದ್ರಿಸುವ ಕ್ರಮವು ಬಳಕೆಗೆ ಬಂದು, ಸ್ವಲ್ಪ ಕಾಲದಲ್ಲಿ ನಮ್ಮ ದೇಶಕ್ಕೂ ಹಬ್ಬಿತು. ಗಾಯಕರು ಕೂಗಬೇಕಾದ ಕಷ್ಟ ತಪ್ಪಿತು. ಮೆಲುದನಿಗೂ ತಂಬೂರಿಗೂ ತಟ್ಟೆಯಲ್ಲಿ ಸ್ಥಳ ದೊರೆಯಿತು. ಇದರ ಪೂರ್ಣ ಫಲವನ್ನು ಪಡೆದವರಲ್ಲಿ ಅಬ್ದುಲ್ ಕರೀಂ ಖಾನರು (1872–1937) ಮುಖ್ಯರು. 1930ರ ದಶಕದ ಅವರ ತಟ್ಟೆಗಳಲ್ಲಿ ಶ್ರುತಿಯೂ ಸ್ವರವೂ ಬೆರೆಯುವ ಬಗೆಯನ್ನು ಸಂಗೀತದ ಓನಾಮವನ್ನರಿಯದವನ ಕಿವಿಯೂ ಹಿಡಿಯಬಲ್ಲುದು. ಆದುದರಿಂದ ಆರಂಭವು ಅಲ್ಲಿಂದಾಗಲಿ.

ಇದು ನನ್ನೊಬ್ಬನ ಕಲ್ಪನೆಯಲ್ಲ. ಗದಗಿನ ಬಾಲಕನಾಗಿದ್ದ ಭೀಮಸೇನ ಜೋಶಿಯವರಿಗೆ ಗಾನದ ಹುಚ್ಚು ಹಿಡಿಸಿದುದು ಖಾನರು ಹಾಡಿದ ಝಿಂಝೋಟಿಯ ಠುಮ್ರಿ ತಟ್ಟೆ. ಬಾಲಕನು 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟನು. ಆದರೆ ಗಮನಿಸಿರಿ: ತಟ್ಟೆಯು ಬಾಗಿಲನ್ನು ತೆರೆಯಿತಷ್ಟೆ. ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಮುಂದೆ ಕುಂದಗೋಳದಲ್ಲಿ ವರ್ಷಗಟ್ಟಲೆ ಕುಳಿತು ಸಾಧಿಸಿದ ಮೇಲೆಯೇ ವಿದ್ಯೆ ಕೈವಶವಾದುದು.

ಹೊಸ ಶ್ರೋತೃವೂ ಮೂರು ನಿಮಿಷದಲ್ಲಿಯೇ ನಿಲ್ಲಬಾರದು. ಅಷ್ಟರಲ್ಲಿ ವಿಲಂಬಿತದ ವಿಸ್ತಾರವಿಲ್ಲ. ನಮ್ಮ ಕರ್ನಾಟಕ ಪದ್ಧತಿಯಲ್ಲಾದರೆ ಆಲಾಪನೆ, ನೆರವಲು, ಕಲ್ಪನಾಸ್ವರಗಳೆಲ್ಲ ಕತ್ತರಿಗೆ ಬಿದ್ದು ಕೃತಿಯೊಂದೇ ಉಳಿಯುತ್ತದೆ. 1948ರಲ್ಲಿ ಅಮೆರಿಕೆಯಲ್ಲಿ ಹೊರಟ ದೀರ್ಘವಾದನದ ತಟ್ಟೆ, ಮುಖಕ್ಕೆ ಇಪ್ಪತ್ತು ನಿಮಿಷವನ್ನೂ ಮೀರಿದ ಅವಕಾಶವನ್ನು ಕೊಟ್ಟಿತು. ಖಾನರ ಶುದ್ಧಕಲ್ಯಾಣದ ಕಿರುತಟ್ಟೆಯನ್ನು ನಾಲ್ಕಾರು ಬಾರಿ ಕೇಳಿ, ಅನಂತರ ಅದೇ ರಾಗದಲ್ಲಿ ಭೀಮಸೇನ ಜೋಶಿಯವರ ದೀರ್ಘ ಮುದ್ರಿಕೆಯನ್ನು ಕೇಳಿರಿ. ರಾಗವೊಂದೇ, ಪರಂಪರೆಯೊಂದೇ, ಮೊದಲನೆಯದರಲ್ಲಿ ಒಂದು ಮಿಂಚಿನಂತೆ ಸುಳಿದುಹೋದ ಸಂಚಾರವು ಎರಡನೆಯದರಲ್ಲಿ ಹೇಗೆ ಮೆಲ್ಲನೆ ಅರಳುವುದೆಂಬುದನ್ನು ಕಿವಿಯೇ ಹೇಳಿಕೊಡುವುದು.

ದಕ್ಷಿಣದ ಪದ್ಧತಿಯಲ್ಲಿ ಬೆಳೆದವರಿಗೆ ಮತ್ತೊಂದು ಸುಲಭದ ದಾರಿಯುಂಟು. ಖಾನರು ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನೂ ತಟ್ಟೆಗೆ ಹಾಡಿದ್ದಾರೆ. ಅದನ್ನು ಮೊದಲು ಕೇಳಿ, ಆಮೇಲೆ ನಮ್ಮ ವಿದ್ವಾಂಸರು ಸಾವಕಾಶವಾಗಿ ಆಲಾಪಿಸಿದ ಖರಹರಪ್ರಿಯದ ಕಛೇರಿ ಮುದ್ರಿಕೆಯೊಂದಕ್ಕೆ ಕಿವಿಗೊಡಬಹುದು.